ನಳಿಕೆ ತೆಗೆದ ಬೆಳಿಗ್ಗೆ

ನನಗೆ ಬಾಯಿ ಜಾಸ್ತಿ. ಶಿಶುವಿಹಾರದಲ್ಲಿ ಟೀಚರಾಗಿದ್ದವಳು, ಅಳುವ ಮಕ್ಕಳನ್ನು ಸುಮ್ಮನಾಗಿಸಿಯೇ ಸಂಬಳ ತಿಂದವಳು. ಅಂಥವಳು ಮೊಮ್ಮಗ ಒಮ್ಮೆ ಅಳಲಿ ಎಂದು ಆಸ್ಪತ್ರೆಯ ಕುರ್ಚಿಯಲ್ಲಿ ತಪಸ್ಸಿಗೆ ಕೂತಿದ್ದೆ.

ಅವನು ತಿಂಗಳು ತುಂಬುವ ಮೊದಲೇ ಬಂದವನು. ನಮ್ಮ ವಂಶದಲ್ಲಿ ಯಾರೂ ಎಲ್ಲಿಗೂ ಹೊತ್ತಿಗೆ ಮುಂಚೆ ಹೋದವರಲ್ಲ, ಇವನಿಗೇನು ಆತುರವಿತ್ತೋ! ಉಸಿರಾಡಿಸುವ ಯಂತ್ರದ ನಳಿಕೆ ಗಂಟಲೊಳಗೆ ಇಳಿದಿತ್ತು. ಅದು ದನಿ ಹೊರಡುವ ಜಾಗದಲ್ಲೇ ಹಾದುಹೋಗುವುದರಿಂದ ಅತ್ತರೂ ಸದ್ದಿಲ್ಲ. ಮುಖ ಕಿವುಚುತ್ತಿದ್ದ, ಬಾಯಿ ತೆರೆಯುತ್ತಿದ್ದ, ಅಷ್ಟೇ. ಆಗೆಲ್ಲ ಸೊಸೆ ಗೋಡೆಯತ್ತ ತಿರುಗುತ್ತಿದ್ದಳು. ಹೆತ್ತವಳು ಇನ್ನೂ ಮಗನ ದನಿ ಕೇಳಿರಲಿಲ್ಲ. ಒಮ್ಮೆ ನಳಿಕೆ ತೆಗೆದು ನೋಡಿದ್ದರು. ಅಳುವಷ್ಟು ತ್ರಾಣವೂ ಇಲ್ಲದೆ ಮಗು ನೀಲಿಗಟ್ಟಿತು, ಮತ್ತೆ ಹಾಕಿದರು.

“ಸೋಂಕೇನಾದ್ರೂ ಆಗಿದ್ಯಾ?” ಎಂದು ಡಾಕ್ಟರಮ್ಮನನ್ನು ಕೇಳಿದೆ.

“ಇಲ್ಲಮ್ಮ. ಯಂತ್ರದ ಒತ್ತಡ, ಆಕ್ಸಿಜನ್ ಎರಡೂ ಎಳೇ ಶ್ವಾಸಕೋಶಕ್ಕೆ ಪೆಟ್ಟು ಕೊಡುತ್ವೆ. ಅದನ್ನ ಸರಿಮಾಡೋಕೆ ಬಿಳಿ ರಕ್ತಕಣಗಳು ಓಡಿ ಬರ್ತವೆ. ಬಂದವು ಕೆಲಸ ಮುಗಿಸಿ ಹೋಗ್ಬೇಕು. ಇವನ ಮೈಗೆ ಅವನ್ನ ಕಳಿಸೋದು ಇನ್ನೂ ಗೊತ್ತಿಲ್ಲ. ಅಲ್ಲೇ ಕೂತು ಉರಿಯೂತ ಎಬ್ಬಿಸಿವೆ.”

“ಅಂದ್ರೆ ಎರಡು ದಿನಕ್ಕೆ ಅಂತ ಬಂದು ಝಾಂಡಾ ಊರಿದ ನೆಂಟರು!”

ಸೊಸೆ ಪಕ್ಕನೆ ನಕ್ಕು, ಸಿಸೇರಿಯನ್ ಹೊಲಿಗೆ ಜಗ್ಗಿದಂತಾಗಿ ಹೊಟ್ಟೆ ಹಿಡಿದುಕೊಂಡಳು. ಆಗ ಅವಳ ಮನೆಯಲ್ಲಿ ಠಿಕಾಣಿ ಹೂಡಿದ್ದವರು ಯಾರೆಂದು ನಾನು ಬಿಡಿಸಿ ಹೇಳಬೇಕಿಲ್ಲ.

“ಸ್ವಲ್ಪ ಸ್ವಲ್ಪವೇ ಸ್ಟೀರಾಯ್ಡ್ ಕೊಡ್ತಿದೀವಿ, ಅವುಗಳ ಗಲಾಟೆ ತಣ್ಣಗಾಗ್ತಿದೆ,” ಎಂದರು ಡಾಕ್ಟರಮ್ಮ. “ನಾಳೆ ನಳಿಕೆ ತೆಗೀತೀವಿ. ಈ ಸಲವೂ ಆಗ್ದಿದ್ರೆ ಇನ್ನಷ್ಟು ದಿನ ಯಂತ್ರ ಬೇಕು, ಶ್ವಾಸಕೋಶಕ್ಕೆ ಇನ್ನಷ್ಟು ಪೆಟ್ಟು.”

ಬೆಳಿಗ್ಗೆ ಮೊಣಕೈವರೆಗೆ ಕೈ ತೊಳೆದು ಮಗ, ಸೊಸೆ, ನಾನು ಮೂವರೂ ಮಗುವನ್ನು ಬೆಚ್ಚಗಿಟ್ಟಿದ್ದ ಗಾಜಿನ ಪೆಟ್ಟಿಗೆಯ ಪಕ್ಕ ನಿಂತೆವು. ನರ್ಸ್ ಒದ್ದೆ ಹತ್ತಿಯಿಂದ ಕೆನ್ನೆಯ ಅಂಟುಪಟ್ಟಿ ನೆನೆಸಿ ಬಿಡಿಸಿದಳು, ನಳಿಕೆ ಎಳೆದಳು, ಮೂಗಿಗೆ ಗಾಳಿ ಕೊಡುವ ಪುಟ್ಟ ಮಾಸ್ಕ್ ಹಾಕಿದಳು. ಪರದೆಯ ಮೇಲೆ ಆಕ್ಸಿಜನ್ನಿನ ಅಂಕಿ ಇಳಿಯಿತು. ಇನ್ನೂ ಇಳಿಯಿತು. ಮಗುವಿನ ಎದೆಗೂಡು ಒಳಕ್ಕೆ ಕುಸಿಯಿತು, ಮೇಲೆದ್ದಿತು. ಅಂಕಿ ನಿಂತು, ನಿಧಾನಕ್ಕೆ ಏರತೊಡಗಿತು. ಆಮೇಲೆ ಅವನು ಮುಖ ಕಿವುಚಿ ಬಾಯಿ ತೆರೆದ.

ಸದ್ದು ಬಂತು. ಎಣ್ಣೆ ಕಾಣದ ಕದ ಕಿರುಗುಟ್ಟಿದ ಹಾಗೆ, ಒರಟಾಗಿ, ಸಣ್ಣಗೆ.

ಹಾಳು ಅಭ್ಯಾಸ, “ಶ್ಶ್... ಅಳಬಾರ್ದು ಪುಟ್ಟಾ,” ಎಂದುಬಿಟ್ಟೆ.

“ಅತ್ತೆ, ಬಾಯಿ ಮುಚ್ಕೊಳ್ಳಿ!” ಎಂದಳು ಸೊಸೆ.

ಎಂದೂ ಎದುರು ಮಾತಾಡಿದವಳಲ್ಲ. ಮಗ ಗಾಬರಿಯಾಗಿ ನನ್ನ ಮುಖ ನೋಡಿದ. ಬೇರೆ ದಿನವಾಗಿದ್ದರೆ ಮನೆ ರಣರಂಗವಾಗುತ್ತಿತ್ತು. ಅವತ್ತು ಮಾತ್ರ ಬೈಸಿಕೊಂಡೂ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ತೆಪ್ಪಗಾದೆ.

ಮಗುವನ್ನು ಸಮಾಧಾನ ಮಾಡಲು ನರ್ಸ್ ಕೈ ಚಾಚಿದಳು.

“ಒಂದೇ ನಿಮಿಷ, ಸಿಸ್ಟರ್,” ಎಂದು ಸೊಸೆ ಪೆಟ್ಟಿಗೆಯ ಕಿಂಡಿಗೆ ಕಿವಿಯಿಟ್ಟಳು. ಕೇಳಿದಳು. ಆಮೇಲೆ ಕಣ್ಣು ತುಂಬಿಕೊಂಡು ನನ್ನತ್ತ ತಿರುಗಿದಳು.

“ಅತ್ತೆ, ಇವನ ದನಿ ಇದೇನಾ?”

“ಹೌದಮ್ಮ,” ಎಂದೆ. “ಇದೇ.”