ಅದಲುಬದಲಾದ ರೀಲು

ಆ ಸಿನಿಮಾವನ್ನು ನನ್ನನ್ನು ಬಿಟ್ಟರೆ ಯಾರೂ ನೋಡಿಲ್ಲವೆಂದೇ ನಂಬಿದ್ದೆ. ಬಂದ ವಾರದಲ್ಲೇ ಎತ್ತಂಗಡಿಯಾದ ಹಳೆಯ ಕಪ್ಪು-ಬಿಳುಪು ಚಿತ್ರ. ಮದುವೆಗೆ ಮುಂಚೆ, ನನ್ನ ಒಂಟಿ ಕೋಣೆಯಲ್ಲಿ, ಅದರ ಕೊನೆಗಾಗಿಯೇ ಮತ್ತೆ ಮತ್ತೆ ನೋಡುತ್ತಿದ್ದೆ: ರೈಲು ಹೊರಡುತ್ತದೆ, ನಾಯಕಿ ತಿರುಗಿ ನೋಡುವುದಿಲ್ಲ, ಟಿಕೆಟ್ ಕೊಡುವವನು ತನ್ನ ಕಿಂಡಿಯನ್ನು ಮೆಲ್ಲಗೆ ಮುಚ್ಚಿಕೊಳ್ಳುತ್ತಾನೆ. ಮಾತಿಲ್ಲ, ಸಂಗೀತವೂ ಇಲ್ಲ.

ಎಲ್ಲೋ ಕಳೆದಿದ್ದ ಅದರ ಸಿ.ಡಿ. ಮೊನ್ನೆ ಸಿಕ್ಕಿತು. ಹೆಂಡತಿಗೆ ಆ ಮೌನವನ್ನು ತೋರಿಸಬೇಕೆಂಬ ಆಸೆ. ಭಾನುವಾರ ಮಧ್ಯಾಹ್ನ ಮನೆಯಲ್ಲೇ ಹಾಕಿದೆ. ಔಷಧಿ ಅಂಗಡಿಯ ನನ್ನ ಗೆಳೆಯನೂ ಬಂದ. ಮುಚ್ಚಿಹೋದ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಕೆಳಮನೆಯ ಆಪರೇಟರ್ ಮಾವನೂ ಬಂದರು.

ಕಿಂಡಿ ಮುಚ್ಚಿತು. ನಾನು ಹೆಂಡತಿಯ ಮುಖ ನೋಡಿದೆ.

"ಮುಗೀತಾ?" ಅಂದಳು. "ಅವಳು ವಾಪಸ್ ಬರ್ತಾಳಲ್ರೀ, ಕೊಡೆ ಮರೆತೆ ಅಂತ?"

"ನೀನು ನೋಡಿದ್ಯಾ ಇದನ್ನ?"

"ಕಾಲೇಜಲ್ಲಿದ್ದಾಗ. ಹೆಸರು ಮರೆತಿತ್ತು."

"ಕೊಡೆ ಸೀನು ಆಗ್ಲೇ ಬಂದು ಹೋಯ್ತಲ್ಲೇ. ಕೊನೆ ಇದೇ."

"ಇಲ್ವೋ," ಎಂದ ಗೆಳೆಯ. "ಕೊನೇಲಿ ಒಂದೇ ಕೊಡೇಲಿ ಇಬ್ರೂ ಹೋಗ್ತಾರೆ. ನಂಗೆ ಚೆನ್ನಾಗಿ ನೆನಪಿದೆ."

ಆಪರೇಟರ್ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ, ಅದು ನನ್ನ ಘನಕಾರ್ಯ ಕಣ್ರಪ್ಪಾ! ಒಂದೇ ಒಂದು ಆಟದಲ್ಲಿ ಕೊನೆ ಎರಡು ರೀಲು ಅದಲುಬದಲು ಮಾಡ್ಬಿಟ್ಟೆ. 'ಶುಭಂ' ಅಂತ ಬಂದ ಮೇಲೂ ಸಿನಿಮಾ ಓಡ್ತು! ಮಾಲೀಕರು ನನ್ನ ಚರ್ಮ ಸುಲಿಯೋದೊಂದು ಬಾಕಿ. ಪುಣ್ಯಕ್ಕೆ ಬಾಲ್ಕನೀಲಿ ಒಂದು ಜೋಡಿ ಬಿಟ್ರೆ ನರಪಿಳ್ಳೆ ಇರ್ಲಿಲ್ಲ..."

ನಗು ಅರ್ಧಕ್ಕೇ ನಿಂತಿತು. ಮಾವ ಖಾಲಿ ಲೋಟವನ್ನೆತ್ತಿ ಕುಡಿದರು.

"ಅಂಗಡಿ ತೆಗೀಬೇಕು," ಎಂದು ಗೆಳೆಯ ಎದ್ದ. ಭಾನುವಾರ ಅವನ ಅಂಗಡಿಗೆ ರಜೆ. ಮಾವನೂ ಅವನ ಹಿಂದೆಯೇ ಮೆಟ್ಟಿಲಿಳಿದರು.

ನಮ್ಮ ಮದುವೆಯ ದಿನ ಹೆಂಡತಿಗೆ ಈ ಗೆಳೆಯನನ್ನು ಪರಿಚಯ ಮಾಡಿಸಿದವನು ನಾನೇ. ಹೊಸಬರಂತೆ ಇಬ್ಬರೂ ನಮಸ್ಕಾರ ಅಂದಿದ್ದರು.

ಆ ಬಾಲ್ಕನಿಯಲ್ಲಿ ಅವನು ಅವಳ ಕೈ ಹಿಡಿದಿದ್ದನೋ ಇಲ್ಲವೋ, ಅದು ಬೇರೆ ಮಾತು. ನನ್ನ ಸಿನಿಮಾಕ್ಕೆ ನಾನು ಎಂದೂ ಕಾಣಲಾಗದ ಕೊನೆಯೊಂದಿತ್ತು, ಅದನ್ನು ಅವರಿಬ್ಬರೇ ಕಂಡಿದ್ದರು. ನನ್ನ ಹೊಟ್ಟೆ ಉರಿದದ್ದು ಅದಕ್ಕೆ.

"ಒಂದೇ ಕೊಡೇಲಿ ಹೋದ್ರಾ?" ಕೇಳಿದೆ. "ಆಮೇಲೆ?"

ಲೋಟ ಎತ್ತುತ್ತಿದ್ದ ಅವಳ ಕೈ ನಿಂತಿತು.

"ಆಮೇಲೇನಿಲ್ಲ. ಲೈಟ್ ಹಾಕಿದ್ರು."