ಹತ್ತು ವಾರದ ದಂಡಿನ ಪತಾಕೆ

ಎಲ್ಲೋ ಹಿಂದಿನ ಬೀದಿಯಲ್ಲಿ ಬ್ಯಾಗ್‌ಪೈಪು ಉಸಿರು ತುಂಬಿಕೊಳ್ಳುತ್ತಿದೆ, ಬಂದರಿನ ಕಡೆಯಿಂದ ಉಪ್ಪುಗಾಳಿ, ನನ್ನ ಗಂಡ ಕ್ಲಾರಿಯ ಕೋಟಿಗೆ ಸತ್ತವರ ನೆನಪಿಗೆಂದು ಸಿಕ್ಕಿಸಿದ ರೋಸ್‌ಮರಿ ಕಡ್ಡಿ ಓರೆಯಾಗಿದೆ, ನೇರ ಮಾಡಲು ಕೈ ಚಾಚಿದರೆ, ಬಿಡೇ ಬೆರಿಲ್, ಎಲ್ಲಾರೂ ನೋಡ್ತಾರೆ, ಅನ್ನುತ್ತಾನೆ, ಎಪ್ಪತ್ತಾರರಲ್ಲೂ ಮದುಮಗನ ನಾಚಿಕೆ — ಯುದ್ಧಕ್ಕೆ ಹೋದವರನ್ನು ನೆನೆಯುವ ಆಂಜಾಕ್ ದಿನದ ಮೆರವಣಿಗೆ ಇನ್ನೇನು ಹೊರಡುತ್ತದೆ, ನಾನು ಹೊಲಿದ ಪತಾಕೆಗೆ ಎರಡು ಕೋಲು, ಹಿಡಿಯುವವನು ಒಬ್ಬನೇ, ಪ್ರತಿ ವರ್ಷ ನ್ಯೂಜಿಲೆಂಡಿನಿಂದ ಬಂದು ಇನ್ನೊಂದನ್ನು ಹಿಡಿಯುತ್ತಿದ್ದ ವಿರೆಮು ಬರಲಿಲ್ಲ, ಬೆಳಿಗ್ಗೆ ಆಕ್ಲೆಂಡಿನಿಂದ ಅವನ ಮಗಳ ಫೋನು, ಅಪ್ಪಂಗೆ ಮಂಚ ಬಿಟ್ಟು ಏಳೋಕಾಗ್ತಿಲ್ಲ ಆಂಟಿ, ಇನ್ನು ಮೇಲೂ ಆಗಲ್ವೇನೋ — ಈ ವರ್ಷ ಸುತ್ತಿಟ್ಟರೆ ಇನ್ನು ಇದನ್ನು ಬಿಚ್ಚುವವರಿಲ್ಲ. ಪತಾಕೆಯ ಮೇಲೆ ಹೆಸರಿರುವ, ಕ್ರೂಸರು ಯುದ್ಧನೌಕೆಗಳ ಆ ದಂಡು ಬದುಕಿದ್ದೇ ಹತ್ತು ವಾರ, ಸಾವಿರದ ಒಂಬೈನೂರ ನಲವತ್ತೆರಡರ ಫೆಬ್ರವರಿಯಲ್ಲಿ ಮೂರು ದೇಶದ ಹಡಗು ಸೇರಿಸಿ ಆಂಜಾಕ್ ಸ್ಕ್ವಾಡ್ರನ್ ಅಂದರು, ಏಪ್ರಿಲ್ ಇಪ್ಪತ್ತೆರಡಕ್ಕೆ, ಈ ಹಬ್ಬಕ್ಕೆ ಮೂರೇ ದಿನ ಮುಂಚೆ, ಹೆಸರು ಕಿತ್ತು ನಂಬರು ಕೊಟ್ಟರು, ನಮ್ಮನೆ ಕೋಳಿನೂ ಅದಕ್ಕಿಂತ ಜಾಸ್ತಿ ದಿನ ಬದುಕಿತ್ತಲ್ಲೋ ಕ್ಲಾರಿ, ಎಂದು ಕ್ಲಬ್ಬಿನಲ್ಲಿ ಬಿಯರ್ ಹಿಡಿದವರು ಹಂಗಿಸುತ್ತಾರೆ, ಇವನು ನಗುತ್ತಾನೆ, ಅವರಿಗೇನು ಗೊತ್ತು, ಇವನ ಆಸ್ಟ್ರೇಲಿಯಾ ಹಡಗಿನ ಸಿಗ್ನಲ್ ದೀಪ, ಆಚೆ ನ್ಯೂಜಿಲೆಂಡ್ ಹಡಗಿನ ದೀಪ, ನಡುವೆ ಎರಡು ಮೈಲಿ ನೀರು, ಮುಖವನ್ನೇ ಕಾಣದ ವಿರೆಮುವಿನ ಜೊತೆ ದೀಪ ಮಿಟುಕಿಸಿ ಮಿಟುಕಿಸಿ ಚದುರಂಗ, ಮೇಲಿನವರಿಂದ ಬೈಗಳು, ಮರುದಿನ ಮತ್ತೆ ಕುದುರೆ, ಮತ್ತೆ ಆನೆ, ದಂಡು ಒಡೆದ ದಿನ ವಿರೆಮುವಿನ ಕೊನೆಯ ಮಿಟುಕು, ಆಟ ಬಾಕಿ ಐತೆ ಕಳ್ಳಾ, ಸಾಯ್ಬೇಡ — ತೋಳಿಗೆ ಪಟ್ಟಿ ಕಟ್ಟಿದ ಮೇಲ್ವಿಚಾರಕ ಬರುತ್ತಾನೆ, ತಾತ, ಎರಡು ಕೋಲು ಒಬ್ರೇ ಹಿಡಿಯೋಕಾಗಲ್ಲ, ಸುತ್ತಿಟ್ಟು ನಿಮ್ಮ ಹಡಗಿನೋರ ಹಿಂದೆ ನಿಂತ್ಕೊಳ್ಳಿ, ಅನ್ನುತ್ತಾನೆ, ಹಡಗಿಗೆ ಬೇಕಾದಷ್ಟು ಜನ ಇದಾರಪ್ಪ, ಇದಕ್ಕೆ ನಾನೊಬ್ನೇ, ಅನ್ನುತ್ತಾನೆ ಇವನು, ಮೆಲ್ಲಗೆ, ಎಷ್ಟು ಮೆಲ್ಲಗೆ — ಹೆಂಡತಿಯರು ನೋಡುವವರಿಗೆ ಕಟ್ಟಿದ ಹಗ್ಗದ ಈಚೆ, ನಲವತ್ತೊಂಬತ್ತು ವರ್ಷದಿಂದ ನಾನು ಈಚೆಯೇ, ಚಪ್ಪಾಳೆ, ಫ್ಲಾಸ್ಕಿನ ಚಹಾ, ಆ ಇನ್ನೊಂದು ಕೋಲು ಡಾಂಬರಿನ ಮೇಲೆ ಬಿದ್ದಿದೆ, ಬಟ್ಟೆ ಮುದುಡಿ, ಯಾರಾದರೂ ತುಳಿದಾರು, ಆ ಕೋಲು, ಹಗ್ಗದಡಿ ಬಗ್ಗಿದೆನೇ ನಾನು, ಮೊಣಕಾಲು ಲಟಕ್ಕೆಂದಿತು, ಹೌದು, ಬಗ್ಗಿದ್ದೇನೆ, ಅಮ್ಮಾ, ನೀವು ಬರೋ ಹಾಗಿಲ್ಲ, ಮೇಲ್ವಿಚಾರಕ ಅಡ್ಡ ಬರುತ್ತಾನೆ, ಹೊಲಿದೋಳು ನಾನೇ ಕಣಪ್ಪಾ, ಅನ್ನುತ್ತೇನೆ, ಸರಿ, ಎಂದು ಅವನು ಬದಿಗೆ ಸರಿಯುತ್ತಾನೆ — ಕ್ಲಾರಿ ನನ್ನ ಕಡೆ ನೋಡುವುದಿಲ್ಲ, ನೋಡಿದರೆ ಅಳುತ್ತಾನೆ, ಎಡಗಾಲು ಮೊದ್ಲು ಕಣೇ, ಅನ್ನುತ್ತಾನೆ, ಎಡಗಾಲು, ಗಾಳಿ, ಬಟ್ಟೆ ಬಿಗಿಯಿತು, ಆ ತುದಿಯಿಂದ ಅವನು ಎಳೆದದ್ದು ನನ್ನ ಅಂಗೈಗೆ ಬಂತು, ಕೋಲು, ಆ ಕೋಲು, ನನ್ನ ಕೈಯಲ್ಲಿ ನಡುಗುತ್ತಿರುವ ಆ ಕೋಲು