ಎರಡು ಬೆರಳು

ಒಂದಾನೊಂದು ಕಾಲದಲ್ಲಿ, ಅಂದರೆ ಲೋಕದ ಬಾಗಿಲುಗಳೆಲ್ಲ ಒಳಗಿನಿಂದ ಚಿಲಕ ಹಾಕಿಕೊಂಡಿದ್ದ ಆ ವರ್ಷದಲ್ಲಿ, ಅಮೆರಿಕದ ಅರಿಜೋನಾದ ಮರಳುಗಾಡಿನಲ್ಲಿ ಇಬ್ಬರು ಮುದುಕಿಯರು ಒಂದೇ ತಗಡಿನ ಸೂರಿನಡಿ ಇದ್ದರು. ಒಬ್ಬಳು ಒಫೀಲಿಯಾ, ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಇನ್ನೊಬ್ಬಳು ನಡೀನ್, ಅದೇ ಶಾಲೆಯ ಅಡುಗೆಮನೆಯಲ್ಲಿ ಬೀನ್ಸ್ ಬೇಯಿಸಿ ನಿವೃತ್ತಳಾದವಳು. ಅವರ ನಡುವೆ ಉಪ್ಪು, ದಿಂಬು, ಪರಸ್ಪರರ ಗೊರಕೆ ಎಲ್ಲ ಸಮಪಾಲಾಗಿ ಹಂಚಿಹೋಗಿದ್ದವು. ಒಂದು ಮಾತು ಮಾತ್ರ ಬಾಕಿ ಉಳಿದಿತ್ತು. ಬಹಳ ಹಿಂದೆ ಶಾಲೆಯ ಅಡುಗೆಮನೆಯ ಹಿಂಬಾಗಿಲಲ್ಲಿ ಸಿಗರೇಟು ಸೇದುತ್ತ ಒಫೀಲಿಯಾ ಹೇಳಿದ್ದಳು: "ಬೇಸಿಗೆ ರಜ ಬರ್ಲಿ, ನಿಂಗೆ ಗಾಡಿ ಕಲಿಸ್ತೀನಿ. ಎದುರಿಗೆ ಬಂದೋರಿಗೆ ನಮಸ್ಕಾರ ಅಂತ ಸ್ಟಿಯರಿಂಗ್ ಮೇಲಿಂದ ಎರಡು ಬೆರಳು ಎತ್ತೋ ತನಕ ಬಿಡಲ್ಲ. ಅಷ್ಟು ಬಂದ್ರೆ ಗಾಡಿ ಬಂದ ಹಾಗೇ."

ಆಮೇಲೆ ಮೂವತ್ತನಾಲ್ಕು ಬೇಸಿಗೆಗಳು ಬಂದು ಹೋದವು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಅಂಗಳದ ಪಾಲೋವರ್ಡೆ ಮರ ಹಳದಿ ಹೂ ಉದುರಿಸುತ್ತಿದ್ದಾಗ ಫೋನು ಬಂತು. ಅದೇ ದಾರಿಯ ನೆರೆಯವನು ಕ್ಲೈಡ್. ಕೊಳವೆಬಾವಿ ಕೊರೆದು ಕೊರೆದು ಕಿವಿ ಕಳೆದುಕೊಂಡವನಾದ್ದರಿಂದ ಫೋನಿನಲ್ಲೂ ಕೂಗುತ್ತಿದ್ದ.

"ನಡೀನ್, ನನ್ನಿಂದ ಏನಾದ್ರೂ ತಪ್ಪಾಯ್ತೇನಮ್ಮ?"

"ಯಾಕೆ ಕ್ಲೈಡ್?"

"ಗುರುವಾರ ಗೇಟ್ ಹತ್ರ ನಿಂತಿದ್ದೆ. ಒಫೀಲಿಯಾ ಟ್ರಕ್ಕಲ್ಲಿ ಬಂದ್ರು. ಬೆರಳು ಎತ್ತಿದೆ, ತಿರುಗಿ ನೋಡ್ಲಿಲ್ಲ. ನಾಕು ಹೆಜ್ಜೆ ಮುಂದೆ ಹೋಗಿ ನಮ್ಮ ಅಂಗಳದ ಗ್ಯಾಸ್ ಟ್ಯಾಂಕಿಗೆ ಎತ್ತಿದ್ರು. ನನಗಿಂತ ಆ ಟ್ಯಾಂಕೇ ಹೆಚ್ಚಾಯ್ತಾ?"

ನಡೀನ್ ನಕ್ಕಳು. ಕಣ್ಣಿಗೆ ಬಿಸಿಲು ಹೊಡೆದಿರಬೇಕು ಅಂದಳು. ಆ ಮಣ್ಣಿನ ದಾರಿಯಲ್ಲಿ ಬೆರಳು ಎತ್ತದೆ ಹೋಗುವುದೆಂದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಚರ್ಚು ಮುಚ್ಚಿ, ಕೈಕುಲುಕುವುದೂ ನಿಂತ ಮೇಲೆ ನೆರೆಹೊರೆ ಅಂತ ಉಳಿದದ್ದು ಆ ಎರಡು ಬೆರಳೇ. ಫೋನಿಟ್ಟ ಮೇಲೆ ಅವಳಿಗೆ ನೆನಪಾಯಿತು: ಗುರುವಾರ ಹೊರಟಾಗ ಬಿಸಿಲು ಒಫೀಲಿಯಾಳ ಬೆನ್ನಿಗಿತ್ತು.

ಮನೆಗೆ ಬಾವಿಯಿಲ್ಲ. ಊರಂಚಿನ ನಲ್ಲಿಯಿಂದ, ಹನ್ನೊಂದು ಮೈಲಿ ಮಣ್ಣಿನ ದಾರಿ ಸವೆಸಿ, ಟ್ರಕ್ಕಿನ ಹಿಂದೆ ಟ್ಯಾಂಕು ಇಟ್ಟು ನೀರು ತರಬೇಕು. ಮುಂದಿನ ಸಲ ನಡೀನ್ ತಾನೂ ಬರುತ್ತೇನೆಂದು ಹತ್ತಿ ಕೂತಳು. ಹೂವಿನ ಹಳೇ ಪರದೆ ಹರಿದು ಹೊಲಿದ ಮಾಸ್ಕು ಇಬ್ಬರ ಕೊರಳಲ್ಲೂ ನೇತಾಡುತ್ತಿತ್ತು. ಒಫೀಲಿಯಾ ಗುನುಗುತ್ತಿದ್ದಳು. ಕಿವಿಗೊಟ್ಟಾಗ ಅದು ಹಾಡಲ್ಲ, ಎಣಿಕೆ ಎಂದು ತಿಳಿಯಿತು. ಎಂಬತ್ತೆಂಟು, ಎಂಬತ್ತೊಂಬತ್ತು, ತೊಂಬತ್ತು, ಬಲಕ್ಕೆ ತಿರುಗಿಸಿದಳು. ತಿರುವಿನಲ್ಲಿ ಆಳೆತ್ತರದ ಕಳ್ಳಿಯೊಂದು ಎರಡು ತೋಳು ಚಾಚಿ ನಿಂತಿತ್ತು. ಒಫೀಲಿಯಾ ಸ್ಟಿಯರಿಂಗ್ ಮೇಲಿಂದ ಗೌರವವಾಗಿ ಎರಡು ಬೆರಳು ಎತ್ತಿದಳು.

"ಯಾರಿಗೆ?" ಅಂದಳು ನಡೀನ್.

"ಕ್ಲೈಡ್ ಅಲ್ವೇನೆ?"

"ಅದು ಕಳ್ಳಿ ಕಣೆ."

ಟ್ರಕ್ಕು ನಿಂತಿತು. ಹಿಂದಿನಿಂದ ಬಂದ ಧೂಳು ಅವರನ್ನು ದಾಟಿ ಮುಂದೆ ಹೋಯಿತು.

"ಪೊರೆ," ಅಂದಳು ಒಫೀಲಿಯಾ. "ಎರಡೂ ಕಣ್ಣಿಗೆ. ಮಾರ್ಚಲ್ಲಿ ತೆಗೀಬೇಕಿತ್ತು. ಅರ್ಜೆಂಟ್ ಇಲ್ದೇ ಇರೋದೆಲ್ಲ ಆಮೇಲೆ ಅಂದ್ರು ಆಸ್ಪತ್ರೆಯೋರು. ಯಾವಾಗ ಅಂತ ಅವ್ರಿಗೂ ಗೊತ್ತಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಐರೀನ್‌ಗೆ ಗೊತ್ತಾಗತ್ತೆ. ಭಾನುವಾರದ ಹೊತ್ತಿಗೆ ನನ್ನ ಸಾಮಾನು ತುಂಬೋಕೆ ಖಾಲಿ ಡಬ್ಬ ತಗೊಂಡು ಬಂದು ನಿಂತಿರ್ತಾಳೆ."

ಐರೀನ್ ಒಫೀಲಿಯಾಳ ಮಗಳು, ಫೀನಿಕ್ಸಿನಲ್ಲಿ ಇರುವವಳು. ಅವಳ ಮನೆಯಲ್ಲಿ ಖಾಲಿ ಇದ್ದದ್ದು ಒಂದೇ ಕೋಣೆ, ಅದರಲ್ಲಿ ಒಂದೇ ಮಂಚ. ನಡೀನ್ ಆ ಮಂಚವನ್ನು ನೋಡಿದ್ದಳು.

"ಕ್ಲೈಡ್‌ನ ಕೇಳಿದ್ರೆ ನೀರು ತಂದುಕೊಡ್ತಾನೆ."

"ಊರಿಗೆಲ್ಲ ಸುದ್ದಿನೂ ತಂದುಕೊಡ್ತಾನೆ. ಅವನಿಗೆ ಕಿವಿ ಹೋಗಿದೆ, ಬಾಯಿ ಹೋಗಿಲ್ಲ."

ಆವತ್ತು ನಡೀನ್ ದಾರಿ ಹೇಳುತ್ತ ಹೋದಳು: ಎಡಕ್ಕೆ ಗುಂಡಿ, ಬಲಕ್ಕೆ ಹಳ್ಳ, ನೇರ. ಒಬ್ಬಳ ಕಣ್ಣು, ಒಬ್ಬಳ ಕೈ. ಸರಿಯಾಗಿಯೇ ನಡೆಯಿತು. ಹೀಗೇ ಮೂರು ಸಲ ನೀರು ಬಂತು. ನಾಲ್ಕನೆಯ ಸಲ ಹಳ್ಳದ ಪೊದೆಯಿಂದ ಕರುವೊಂದು ದಾರಿಗೆ ಹಾರಿತು. "ಕರು" ಎನ್ನುವ ಮಾತು ನಡೀನಳ ಬಾಯಿಂದ ಹೊರಬಿದ್ದು, ಒಫೀಲಿಯಾಳ ಕಿವಿಗೆ ತಲುಪಿ, ಅಲ್ಲಿಂದ ಅವಳ ಕಾಲಿಗೆ ಇಳಿಯುವಷ್ಟರಲ್ಲಿ ಟ್ರಕ್ಕಿನ ಮುಂಭಾಗ ಕರುವಿನ ಬಾಲಕ್ಕೆ ತಾಗಿತ್ತು. ಅದು ಓಡಿಹೋಯಿತು.

"ಇನ್ನು ನೀನು ಓಡಿಸಬಾರದು," ಅಂದಳು ನಡೀನ್.

"ಹಾಗಾದ್ರೆ ನೀನು ಓಡಿಸು. ಬೇಸಿಗೆ ರಜ ಬಂದಿದೆ. ಇಡೀ ಲೋಕಕ್ಕೇ ರಜ."

"ಲೈಸೆನ್ಸು?"

"ನನ್ನ ಹತ್ರ ಲೈಸೆನ್ಸ್ ಇದೆ, ಕಣ್ಣಿಲ್ಲ. ನಿನ್ನ ಹತ್ರ ಕಣ್ಣಿದೆ, ಲೈಸೆನ್ಸ್ ಇಲ್ಲ. ಲೈಸೆನ್ಸ್ ಕೊಡೋ ಕಚೇರಿ ಬಾಗಿಲು ತೆಗೆಯೋ ತನಕ ಇಬ್ಬರೂ ಸೇರಿ ಒಬ್ಬಳು."

ನಡೀನ್ ಹತ್ತೊಂಬತ್ತರ ವಯಸ್ಸಿನಲ್ಲಿ ಒಮ್ಮೆ ಅಪ್ಪನ ಗಾಡಿಯನ್ನು ಹಿಂದಕ್ಕೆ ಬಿಟ್ಟು ಕೋಳಿಗೂಡಿನ ಮೇಲೆ ಹತ್ತಿಸಿದ್ದಳು. ಅಪ್ಪ ಬೈದಿರಲಿಲ್ಲ, ಸಾಯುವ ತನಕ ಬಂದವರಿಗೆಲ್ಲ ಹೇಳಿ ನಕ್ಕಿದ್ದ. ಈಗ ಎಪ್ಪತ್ತೊಂದರಲ್ಲಿ, ಮನೆಯ ಮುಂದಿನ ಬಯಲಲ್ಲಿ ಅವಳು ಗೇರು ಹಾಕಿದಾಗ ಟ್ರಕ್ಕು ಮೊಲದಂತೆ ನೆಗೆದು ಸತ್ತುಹೋಯಿತು.

"ಕ್ಲಚ್ಚು ಜಿರಳೆ ಅಲ್ಲ ಕಣೆ, ಮೆಟ್ಟಿ ಸಾಯಿಸಬೇಡ. ಹಿಟ್ಟು ನಾದಲ್ವಾ ನೀನು? ಹಾಗೆ, ನಿಧಾನ."

ನಾದುವುದು ಅವಳಿಗೆ ಗೊತ್ತಿತ್ತು. ನಾಲ್ಕು ದಿನದಲ್ಲಿ ಬಯಲು ಸುತ್ತಿದಳು. ಐದನೆಯ ದಿನ ದಾರಿಗಿಳಿದು, ದನ ದಾಟದಂತೆ ನೆಲಕ್ಕೆ ಹಾಸಿದ ಕಬ್ಬಿಣದ ಸಲಾಕೆಗಳ ಹತ್ತಿರ ಬಂದಾಗ ಟ್ರಕ್ಕನ್ನು ಪಕ್ಕದ ಕಂಬಕ್ಕೆ ಉಜ್ಜಿದಳು. ಕನ್ನಡಿ ಮುರಿದು ಬಿತ್ತು.

"ಕೋಳಿ ಏನಾದ್ರೂ ಸತ್ತಿತಾ?" ಅಂದಳು ಒಫೀಲಿಯಾ.

ನಡೀನ್ ಬಾಗಿಲು ತೆರೆದು ಇಳಿದು ಮನೆಯ ಕಡೆ ನಡೆದುಬಿಟ್ಟಳು. ಒಫೀಲಿಯಾ ಟ್ರಕ್ಕನ್ನು ಹೇಗೆ ಹಿಂದಕ್ಕೆ ತಂದಳೋ ಕೇಳಲಿಲ್ಲ. ಮೂರು ದಿನ ಒಬ್ಬರೊಡನೊಬ್ಬರು ಮಾತಾಡಲಿಲ್ಲ. ಪಾತ್ರೆ ತೊಳೆದ ನೀರು ಮರಕ್ಕೆ ಹೋಗುವುದು ನಿಂತು, ನೆಲ ಒರೆಸಲು ಉಳಿಯಿತು. ನಡೀನ್ ಮನೆಯ ನೀರಿನ ಟ್ಯಾಂಕಿನ ಮೈಗೆ ಗೆಣ್ಣಿನಿಂದ ಬಡಿದು ನೋಡುತ್ತಿದ್ದಳು. ಟೊಳ್ಳು ಸದ್ದು ದಿನದಿನಕ್ಕೂ ಕೆಳಗಿಳಿಯಿತು. ಐರೀನಳ ನಂಬರು ಫ್ರಿಜ್ಜಿನ ಮೇಲೆ ಅಂಟಿಸಿತ್ತು. ಒಂದು ಸಲ ಅವಳು ಅದರ ಮುಂದೆ ಫೋನು ಹಿಡಿದು ನಿಂತಳು; ಮತ್ತೆ ಫೋನಿಟ್ಟು ಬೀನ್ಸ್ ಆರಿಸಲು ಕೂತಳು.

ನಾಲ್ಕನೆಯ ದಿನ ಬೆಳಗಾಗುತ್ತಲೇ ಟ್ರಕ್ಕು ಶುರುವಾದ ಸದ್ದು ಕೇಳಿತು. ನಡೀನ್ ಬರಿಗಾಲಲ್ಲಿ ಹೊರಗೆ ಓಡಿದಳು. ಒಫೀಲಿಯಾ ಒಬ್ಬಳೇ ಒಳಗೆ ಕೂತು ಬೆಲ್ಟು ಹಾಕಿಕೊಳ್ಳುತ್ತಿದ್ದಳು. ನಡೀನ್ ಹೋಗಿ ಟ್ರಕ್ಕಿನ ಮುಂದೆ, ಹತ್ತು ಮಾರು ದೂರದಲ್ಲಿ, ದಾರಿಯ ನಡುವೆ ನಿಂತಳು. ಅವಳ ರಾತ್ರಿಯಂಗಿ ಕೆಂಪು ಬಣ್ಣದ್ದು. ಒಫೀಲಿಯಾ ನೇರವಾಗಿ ಅವಳ ಕಡೆಗೇ ನೋಡಿ, ಗೇರು ಹಾಕಿದಳು. ಟ್ರಕ್ಕು ಗಾಲಿಯ ಒಂದು ಸುತ್ತಿನಷ್ಟು ಮುಂದೆ ಉರುಳಿತು.

"ಒಫೀಲಿಯಾ, ನಾನು ಮುಂದೇನೇ ನಿಂತಿದೀನಿ."

ಟ್ರಕ್ಕು ನಿಂತಿತು. ಎಂಜಿನ್ನು ಆಫಾಯಿತು. ಬೇಲಿಯಾಚೆ ಗೌಜಲಕ್ಕಿಯೊಂದು ಮರಿಗಳನ್ನು ಕರೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಒಫೀಲಿಯಾ ಬೆಲ್ಟು ಬಿಚ್ಚಿ, ಸೀಟಿನ ಮೇಲೆಯೇ ಜರುಗಿ ಆ ಬದಿಗೆ ಹೋಗಿ ಕೂತಳು. ನಡೀನ್ ಚಪ್ಪಲಿ ಹಾಕಿಕೊಂಡು ಬಂದು ಹತ್ತಿದಳು. ಅಂಗಿ ಬದಲಾಯಿಸಲಿಲ್ಲ.

"ಬಾಯಿ ಮುಚ್ಕೊಂಡು ಕೂತಿರ್ಬೇಕು ನೀನು."

"ಆಯ್ತು."

ಹೋಗುವಾಗ ಸಲಾಕೆಗಳ ಮೇಲೆ ಟ್ರಕ್ಕು ಗಡಗಡ ಅಂದಿತು. ಕಂಬ ಇದ್ದಲ್ಲೇ ಉಳಿಯಿತು. ನಲ್ಲಿಯ ಹತ್ತಿರ ಯಾರೂ ಇರಲಿಲ್ಲ. ಟ್ಯಾಂಕು ತುಂಬುವ ತನಕ ಇಬ್ಬರೂ ನೆರಳಲ್ಲಿ ನಿಂತು ತಣ್ಣಗಿನ ಟೋರ್ಟಿಯಾ ರೊಟ್ಟಿಯಲ್ಲಿ ಬೀನ್ಸ್ ಸುತ್ತಿಕೊಂಡು ತಿಂದರು. ವಾಪಸು ಬರುವಾಗ ಟ್ರಕ್ಕು ಭಾರವಾಗಿತ್ತು, ಅದಕ್ಕೇ ಮೆತ್ತಗೆ ನಡೆಯಿತು. ದೂರದಲ್ಲಿ ಧೂಳು ಎದ್ದಿತು.

"ಯಾರೋ ಬರ್ತಿದಾರೆ, ಅಲ್ವಾ?" ಅಂದಳು ಒಫೀಲಿಯಾ. ಸದ್ದು ಅವಳಿಗೆ ಮೊದಲು ಕೇಳಿತ್ತು.

"ಕ್ಲೈಡ್."

ಕ್ಲೈಡ್ ದೂರದಿಂದಲೇ ಬೆರಳು ಎತ್ತಿದ್ದ. ಸ್ಟಿಯರಿಂಗ್ ಹಿಂದೆ ಯಾರಿದ್ದಾರೆಂದು ಕಂಡಾಗ ಅವನ ಬಾಯಿ ಸ್ವಲ್ಪ ತೆರೆಯಿತು, ಬೆರಳು ಇಳಿಯಲಿಲ್ಲ. ನಡೀನಳ ಹತ್ತೂ ಬೆರಳು ಸ್ಟಿಯರಿಂಗ್ ಚಕ್ರಕ್ಕೆ ಅಂಟಿಕೊಂಡಿದ್ದವು. ಅವಳು ಬಲಗೈಯದು ಒಂದನ್ನು ಬಿಡಿಸಿದಳು. ಆಮೇಲೆ ಇನ್ನೊಂದನ್ನು. ಎರಡನ್ನೂ ಎತ್ತಿದಳು.

ಟ್ರಕ್ಕುಗಳು ಒಂದನ್ನೊಂದು ದಾಟಿದವು.

"ಎತ್ತಿದ್ಯಾ?"

"ಹೂಂ."

ಒಫೀಲಿಯಾ ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದಳು. ಅವಳು ಎಣಿಸುತ್ತಿರಲಿಲ್ಲ. ಹಿಂದೆ ಟ್ಯಾಂಕಿನಲ್ಲಿ ನೀರು ಅತ್ತ ಒಮ್ಮೆ, ಇತ್ತ ಒಮ್ಮೆ ವಾಲಿ, ದಾರಿ ಸಮವಾದಲ್ಲಿ ಸುಮ್ಮನಾಯಿತು.